ರಕ್ತನಾಳದೊಳಗೊಂದು ಕಳ್ಳದಾರಿ

1760ರ ಅಕ್ಟೋಬರ್ 25. ಬ್ರಿಟನ್ನಿನ ದೊರೆ ಎರಡನೇ ಜಾರ್ಜ್ ಬೆಳಗ್ಗೆ ಎದ್ದು, ಚಾಕೊಲೇಟ್ ಕುಡಿದು, ಶೌಚಕ್ಕೆ ಹೋದ. ಒಳಗೆ ದೊಪ್ಪೆಂದು ಬಿದ್ದ ಸದ್ದು. ಸೇವಕ ಓಡಿಹೋಗಿ ನೋಡಿದರೆ ದೊರೆ ನೆಲದ ಮೇಲಿದ್ದ. ವೈದ್ಯ ಫ್ರಾಂಕ್ ನಿಕೋಲ್ಸ್ ದೇಹ ಕೊಯ್ದಾಗ ಹೃದಯದ ಸುತ್ತ ಹೆಪ್ಪುಗಟ್ಟಿದ ರಕ್ತವಿತ್ತು. ಹೃದಯದಿಂದ ಹೊರಡುವ ದೊಡ್ಡ ನಾಳ, ಅಯೋರ್ಟಾ, ಒಳಗಿನಿಂದ ಬಿರಿದಿತ್ತು.

ಇದಕ್ಕೆ ಅಯೋರ್ಟಿಕ್ ಡಿಸೆಕ್ಷನ್ ಅಂತ ಹೆಸರು. ಲೈನಿಂಗ್ ಹರಿದ ಕೋಟು ಹಾಕಿಕೊಳ್ಳುವಾಗ ಕೈ ತೋಳಿಗೆ ಹೋಗದೆ ಬಟ್ಟೆಗೂ ಲೈನಿಂಗಿಗೂ ನಡುವೆ ನುಗ್ಗುತ್ತದಲ್ವಾ? ಇಲ್ಲಿ ನುಗ್ಗುವುದು ರಕ್ತ. ನಾಳದ ಗೋಡೆಯ ಪದರಗಳನ್ನು ಸೀಳುತ್ತಾ ಅದು ಕಳ್ಳದಾರಿ ಮಾಡಿಕೊಳ್ಳುತ್ತದೆ. ಹೆಚ್ಚಿನವರಲ್ಲಿ ಮೂಲ ಕಾರಣ ಬಿಪಿ. ಮಾರ್ಫನ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆ ಇರುವವರಿಗೆ ಗೋಡೆಯೇ ದುರ್ಬಲ.

ನೋವು ಒಮ್ಮೆಲೇ ಶುರುವಾಗುತ್ತದೆ, ಶುರುವಿನಲ್ಲೇ ವಿಪರೀತ. ಎದೆಯಿಂದ ಬೆನ್ನಿಗೆ ಇಳಿಯಬಹುದು. ಎರಡು ಕೈಗಳ ಬಿಪಿ ಬೇರೆಬೇರೆ ಬಂದರೆ ಅದೊಂದು ಸುಳಿವು. ಆದರೆ ಎದೆನೋವು ಅಂದರೆ ಮನೆಯವರಿಗೆ ಗ್ಯಾಸ್, ಡಾಕ್ಟರಿಗೆ ಹಾರ್ಟ್ ಅಟ್ಯಾಕ್ ನೆನಪಾಗುವುದೇ ಜಾಸ್ತಿ. ಹಾರ್ಟ್ ಅಟ್ಯಾಕ್ ಎಂದುಕೊಂಡು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಇಲ್ಲಿ ಪ್ರಾಣಕ್ಕೇ ಕುತ್ತು.

ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಸುಮ್ನೆ ಸಿಟಿ ಸ್ಕ್ಯಾನ್ ತೆಗೆದರೂ ಸಾಲದು: ರಕ್ತವೂ ಸೀಳಿದ ಪದರವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಅಯೋಡಿನ್ ಇರುವ ಡೈ ಕೊಟ್ಟು, ಅದು ಅಯೋರ್ಟಾಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ಚಿತ್ರ ತೆಗೆಯಬೇಕು. ಆಗ ಬಿಳಿ ನಾಳದ ನಡುವೆ ಕಪ್ಪು ಎಳೆಯೊಂದು ಕಾಣುತ್ತದೆ. ಎಳೆಯ ಒಂದು ಕಡೆ ನಿಜವಾದ ದಾರಿ, ಇನ್ನೊಂದು ಕಡೆ ಕಳ್ಳದಾರಿ. ಶ್ವಾಸಕೋಶದಲ್ಲಿ ಹೆಪ್ಪು ಹುಡುಕುವ ಸ್ಕ್ಯಾನಿಗೆ ಈ ಸಮಯದ ಲೆಕ್ಕವೇ ಬೇರೆ. ಅಂದರೆ ಯಂತ್ರ ಎಷ್ಟೇ ದುಬಾರಿಯಾಗಿರಲಿ, ಚೀಟಿ ಬರೆಯುವ ಡಾಕ್ಟರಿಗೆ ಮೊದಲೇ ಅನುಮಾನ ಬಂದಿರಬೇಕು.

2005ರ ಡಿಸೆಂಬರ್ 31ರಂದು ಹ್ಯೂಸ್ಟನ್ನಿನಲ್ಲಿ 97 ವರ್ಷದ ಒಬ್ಬರಿಗೆ ಆ ಅನುಮಾನ ತಟ್ಟನೆ ಬಂತು, ಅದೂ ತಮ್ಮದೇ ಎದೆನೋವಿನ ಬಗ್ಗೆ. ಅವರು ಮೈಕೆಲ್ ಡಿಬೇಕಿ. 1950ರ ದಶಕದಲ್ಲಿ ಈ ಕಾಯಿಲೆಗೆ ಶಸ್ತ್ರಚಿಕಿತ್ಸೆ ರೂಪಿಸಿದ ಸರ್ಜನ್. ಕೆಲವು ದಿನಗಳ ನಂತರ ತೆಗೆದ ಸ್ಕ್ಯಾನ್ ಅದನ್ನೇ ಹೇಳಿತು. ಆಪರೇಷನ್ ಮಾತ್ರ ಬೇಡವೆಂದು ಹಟ ಹಿಡಿದರು! ಪ್ರಜ್ಞೆ ತಪ್ಪಿದ ಮೇಲೆ, ಸಾಕಷ್ಟು ವಾದ ವಿವಾದ ನಡೆದು, 2006ರ ಫೆಬ್ರವರಿಯಲ್ಲಿ ಸಹೋದ್ಯೋಗಿಗಳೇ ಆಪರೇಷನ್ ಮಾಡಿದರು. ಡಿಬೇಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು. ನೂರು ತುಂಬಲು ಎರಡು ತಿಂಗಳಿದ್ದಾಗ, 2008ರ ಜುಲೈಯಲ್ಲಿ ತೀರಿಕೊಂಡರು.