ಯಾನ್ ಸ್ಟೆನೆರುಡ್: ನಾರ್ವೆಯ ಹುಡುಗ, ಅಮೆರಿಕದ ಕಿಕ್ಕರ್

ಅಮೆರಿಕನ್ ಫುಟ್‌ಬಾಲ್ ಕಲಿಯಲು ಶುರು ಮಾಡಿದವರಿಗೆ ಕಿಕ್ಕರ್‌ನ ಕೆಲಸ ತುಂಬಾ ಸುಲಭ ಅನ್ನಿಸುತ್ತದೆ. ಪಂದ್ಯದ ಬಹುಪಾಲು ಹೊತ್ತು ಆತ ಗೆರೆಯಾಚೆ ನಿಂತಿರುತ್ತಾನೆ. ಕರೆದಾಗ ಬಂದು, ಒಂದು ಸಲ ಒದ್ದು, ವಾಪಸ್ ಹೋಗುತ್ತಾನೆ. ಆ ಒಂದು ಒದೆತದಲ್ಲಿ ಏನೇನಿದೆ ಅಂತ ತಿಳಿಯಬೇಕಾದರೆ ಯಾನ್ ಸ್ಟೆನೆರುಡ್ ಅವರನ್ನು ಓದಬೇಕು. ಈ ಆಟದ ಇತಿಹಾಸ ನನಗೆ ತೆರೆದುಕೊಂಡದ್ದು ಇವರ ಮೂಲಕವೇ.

ಮೊದಲು ಒಂದಿಷ್ಟು ಮೂಲಪಾಠ. ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಹಾಯಿಸಿದರೆ ಅದು ಫೀಲ್ಡ್ ಗೋಲ್. 3 ಅಂಕ. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಆದ ಮೇಲೆ ಹೀಗೇ ಒದ್ದರೆ ಇನ್ನೊಂದು ಅಂಕ. ಇದಕ್ಕೆ ಮುಖ್ಯವಾಗಿ ಮೂವರು ಬೇಕು. ಒಬ್ಬ ಬಗ್ಗಿ, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಅದು ಸ್ನ್ಯಾಪ್. ಸುಮಾರು 7 ಗಜ ಹಿಂದೆ ಮಂಡಿಯೂರಿದ ಹೋಲ್ಡರ್ ಅದನ್ನು ಹಿಡಿದು ನೆಲದ ಮೇಲೆ ನಿಲ್ಲಿಸುತ್ತಾನೆ. ಕಿಕ್ಕರ್ ಒದೆಯುತ್ತಾನೆ. ಇಷ್ಟಕ್ಕೆ ಎರಡು ಸೆಕೆಂಡ್ ಕೂಡ ಹಿಡಿಯುವುದಿಲ್ಲ.

ಸ್ಟೆನೆರುಡ್ ಹುಟ್ಟಿದ್ದು 1942ರಲ್ಲಿ, ನಾರ್ವೆಯ ಫೆಟ್ಸುಂಡ್‌ನಲ್ಲಿ. ಅಮೆರಿಕಕ್ಕೆ ಬಂದದ್ದು ಫುಟ್‌ಬಾಲ್ ಆಡಲು ಅಲ್ಲವೇ ಅಲ್ಲ. ಸ್ಕೀ ಜಂಪಿಂಗ್‌ಗೆ ಸಿಕ್ಕ ವಿದ್ಯಾರ್ಥಿವೇತನದ ಮೇಲೆ ಬೋಝ್‌ಮನ್ ಊರಿನ ಮೊಂಟಾನ ಸ್ಟೇಟ್ ಕಾಲೇಜಿಗೆ ಸೇರಿದರು. ಸ್ಕೀ ತಾಲೀಮಿಗಾಗಿ ಸ್ಟೇಡಿಯಂನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕೆಳಗೆ ಮೈದಾನದಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು. ಇವರೂ ಹೋಗಿ ಸುಮ್ನೆ ಒದ್ದು ನೋಡಿದರು. ಅದನ್ನು ಗಮನಿಸಿದ್ದು ಬಾಸ್ಕೆಟ್‌ಬಾಲ್ ಕೋಚ್ ರೋಜರ್ ಕ್ರಾಫ್ಟ್. ಅವರು ಫುಟ್‌ಬಾಲ್ ಕೋಚ್ ಜಿಮ್ ಸ್ವೀನಿಗೆ ಸುದ್ದಿ ಮುಟ್ಟಿಸಿದರು. 1965ರಲ್ಲಿ ಮೊಂಟಾನ ವಿಶ್ವವಿದ್ಯಾಲಯದ ವಿರುದ್ಧ ಸ್ಟೆನೆರುಡ್ 59 ಗಜದ ಫೀಲ್ಡ್ ಗೋಲ್ ಹೊಡೆದರು. ಆ ಹೊತ್ತಿಗೆ ಕಾಲೇಜು ಆಟದಲ್ಲಿ ಅದು ದಾಖಲೆ. ನಮ್ಮ ಕ್ರಿಕೆಟ್ ಪಿಚ್ 22 ಗಜ ಅಲ್ವಾ? ಎರಡೂವರೆ ಪಿಚ್‌ಗಿಂತ ಜಾಸ್ತಿ ದೂರ.

ಈಗ ತಂತ್ರ. ಇದನ್ನು ಎದ್ದು ನಿಂತು ಕಾಲು ಬೀಸಿ ನೋಡಿದರೆ ಬೇಗ ಅರ್ಥವಾಗುತ್ತದೆ. ಆಗಿನ ಅಮೆರಿಕದ ಕಿಕ್ಕರ್‌ಗಳು ಚೆಂಡಿನ ನೇರ ಹಿಂದಿನಿಂದ ಬಂದು ಶೂವಿನ ಮೂತಿಯಿಂದ ಒದೆಯುತ್ತಿದ್ದರು. ಕಾಲು ಗಡಿಯಾರದ ಲೋಲಕದ ಹಾಗೆ ಹಿಂದೆ ಮುಂದೆ ಮಾತ್ರ ಆಡುತ್ತದೆ. ಸ್ಟೆನೆರುಡ್ ಓರೆಯಾಗಿ ಬರುತ್ತಿದ್ದರು, ಯುರೋಪಿನಲ್ಲಿ ಸಾಕರ್ ಆಡುವವರ ಹಾಗೆ. ಹೀಗೆ ಬಂದರೆ ಸೊಂಟವೂ ತಿರುಗುತ್ತದೆ, ಪಾದ ಇನ್ನೂ ವೇಗವಾಗಿ ಬರುತ್ತದೆ. ಚೆಂಡಿಗೆ ತಾಗುವುದು ಬೆರಳ ತುದಿಯಲ್ಲ, ಪಾದದ ಮೇಲಿನ ಅಗಲ ಭಾಗ. ಹಾಗಾಗಿ ದೂರವೂ ಜಾಸ್ತಿ, ಗುರಿಯೂ ಗಟ್ಟಿ. ಈ ಶೈಲಿ ತಂದ ಮೊದಲಿಗರು ಸ್ಟೆನೆರುಡ್ ಅಂತ ಬರೆಯಬೇಡಿ. ಹಂಗೆರಿಯಲ್ಲಿ ಹುಟ್ಟಿದ ಪೀಟ್ ಗೊಗೊಲಾಕ್ 1964ರಲ್ಲೇ ವೃತ್ತಿಪರ ತಂಡ ಬಫಲೋ ಬಿಲ್ಸ್ ಪರ ಹೀಗೆ ಒದೆಯುತ್ತಿದ್ದರು.

1967ರಿಂದ ಸ್ಟೆನೆರುಡ್ ಕಾನ್ಸಾಸ್ ಸಿಟಿ ಚೀಫ್ಸ್ ಎಂಬ ವೃತ್ತಿಪರ ತಂಡದಲ್ಲಿ ಆಡಿದರು. 1970ರ ಜನವರಿ 11ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕನೇ ಸೂಪರ್ ಬೌಲ್, ಅಂದರೆ ಋತುವಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅಂತಿಮ ಪಂದ್ಯ. ಎದುರಾಳಿ ಮಿನ್ನೆಸೋಟ ವೈಕಿಂಗ್ಸ್. ಪಂದ್ಯದ ಮೊದಲ 9 ಅಂಕಗಳೂ ಸ್ಟೆನೆರುಡ್ ಕಾಲಿನಿಂದಲೇ ಬಂದವು: 48, 32, 25 ಗಜ. ಆ 48 ಗಜ 1994ರವರೆಗೂ ಸೂಪರ್ ಬೌಲ್ ದಾಖಲೆಯಾಗಿ ಉಳಿಯಿತು. ಚೀಫ್ಸ್ 23–7ರಿಂದ ಗೆದ್ದಿತು.

ಆದರೆ ನಾನು ಮತ್ತೆ ಮತ್ತೆ ಹೋಗುವುದು ಒಂದು ಸೋಲಿನ ಕಡೆಗೆ. 1971ರ ಕ್ರಿಸ್‌ಮಸ್ ದಿನ, ಕಾನ್ಸಾಸ್ ಸಿಟಿಯಲ್ಲಿ ಮಯಾಮಿ ಡಾಲ್ಫಿನ್ಸ್ ವಿರುದ್ಧ ಪ್ಲೇಆಫ್ (ಸೋತವರು ಹೊರಬೀಳುವ) ಪಂದ್ಯ. ಚೀಫ್ಸ್ ಒಂದು ಉಪಾಯ ಹೂಡಿತು. ಫೀಲ್ಡ್ ಗೋಲ್‌ಗೆ ನಿಂತಂತೆ ನಟಿಸಿ, ಸ್ನ್ಯಾಪ್ ಅನ್ನು ನೇರ ಸ್ಟೆನೆರುಡ್ ಕೈಗೆ ಕೊಡುವುದು. ಅವರು ಚೆಂಡು ಹಿಡಿದು ಓಡುವುದು. ಸ್ಟೆನೆರುಡ್ ಒದೆಯಲು ನಿಂತವರ ಹಾಗೆ ನೆಲ ನೋಡುತ್ತಾ ನಿಂತರು. ಆ ನಟನೆ ಎಷ್ಟು ಚೆನ್ನಾಗಿತ್ತೆಂದರೆ, ಸ್ನ್ಯಾಪ್ ಮಾಡಬೇಕಿದ್ದ ಸ್ವಂತ ತಂಡದ ಬಾಬಿ ಬೆಲ್ ಅವರಿಗೇ ಇವರು ಸಿದ್ಧರಿಲ್ಲ ಅನ್ನಿಸಿತು. ಚೆಂಡು ಹೋಲ್ಡರ್ ಲೆನ್ ಡಾಸನ್ ಕೈಗೆ ಹೋಯಿತು. ಓಡಲು ತಯಾರಾಗಿದ್ದ ಮನುಷ್ಯ ಆ ಕ್ಷಣದಲ್ಲೇ ಒದೆಯಬೇಕಾಯಿತು. ತಪ್ಪಿತು.

ಅಷ್ಟಕ್ಕೇ ಮುಗಿಯಲಿಲ್ಲ. 24–24 ಸಮ. ನಿಗದಿತ ಆಟಕ್ಕೆ ಇನ್ನು 35 ಸೆಕೆಂಡ್ ಉಳಿದಿತ್ತು. 31 ಗಜದ ಒದೆತ, ಹೊಡೆದರೆ ಗೆಲುವು ಹೆಚ್ಚುಕಡಿಮೆ ಖಚಿತ. ಅದೂ ತಪ್ಪಿತು. ಹೆಚ್ಚುವರಿ ಆಟದಲ್ಲಿ 42 ಗಜದ ಒದೆತವನ್ನು ಎದುರಾಳಿ ತಡೆದರು. ಕೊನೆಗೆ 82 ನಿಮಿಷ 40 ಸೆಕೆಂಡ್ ಆಟವಾದ ಮೇಲೆ ಮಯಾಮಿಯ ಗಾರೊ ಯೆಪ್ರೆಮಿಯನ್ 37 ಗಜದಿಂದ ಹೊಡೆದು ಪಂದ್ಯ ಮುಗಿಸಿದರು. ಅವರು ಸೈಪ್ರಸ್‌ನಲ್ಲಿ ಹುಟ್ಟಿದವರು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಇತಿಹಾಸದ ಅತಿ ಉದ್ದದ ಪಂದ್ಯ ಇದು.

ಕಿಕ್ಕರ್‌ನ ಒಂಟಿತನ ಇಲ್ಲಿ ಕಾಣುತ್ತದೆ. ಬೇರೆ ಆಟಗಾರರು ತಪ್ಪು ಮಾಡಿದರೆ ಮುಂದಿನ ಆಟದಲ್ಲೇ ಸರಿಪಡಿಸಬಹುದು. ಇವರು ಬೆಂಚಿನ ಬಳಿ ಕಾಯುತ್ತಾ ಇರಬೇಕು. ಸ್ಟೆನೆರುಡ್ ಕಾದರು. ಮುಂದಿನ ತಿಂಗಳೇ, ಆಯ್ದ ತಾರೆಗಳ ಪಂದ್ಯವಾದ ಪ್ರೊ ಬೌಲ್‌ನಲ್ಲಿ 4 ಫೀಲ್ಡ್ ಗೋಲ್ ಹೊಡೆದರು.

1980ರಲ್ಲಿ ಚೀಫ್ಸ್ ಅವರನ್ನು ಕೈಬಿಟ್ಟಿತು. ಗ್ರೀನ್ ಬೇ ಪ್ಯಾಕರ್ಸ್ ಸೇರಿಸಿಕೊಂಡಿತು. 1981ರಲ್ಲಿ 24 ಯತ್ನಗಳಲ್ಲಿ 22 ಗುರಿ ಮುಟ್ಟಿದವು. ಆಗ ಅವರಿಗೆ 38 ದಾಟಿತ್ತು! ಆಮೇಲೆ ವೈಕಿಂಗ್ಸ್‌ನಲ್ಲಿ ಎರಡು ವರ್ಷ ಆಡಿ, 1985ರ ಋತುವಿನೊಂದಿಗೆ ನಿಲ್ಲಿಸಿದರು.

ಲೆಕ್ಕ ಹೀಗಿದೆ. 19 ಋತು, 558 ಯತ್ನ, 373 ಫೀಲ್ಡ್ ಗೋಲ್. ಅಂದರೆ 1119 ಅಂಕ. ಜೊತೆಗೆ ಟಚ್‌ಡೌನ್ ನಂತರದ ಒದೆತಗಳಿಂದ 580 ಹೆಚ್ಚುವರಿ ಅಂಕ. ಒಟ್ಟು 1699. ಇಲ್ಲಿ ಒಂದು ಎಡವುವ ಜಾಗ ಇದೆ. ನೂರಕ್ಕೆ 67ರಷ್ಟು ಯಶಸ್ಸು ಅಂದರೆ ಇವತ್ತಿನ ಕಣ್ಣಿಗೆ ಕಡಿಮೆ. ಈಗಿನವರು 80 ದಾಟುತ್ತಾರೆ. ಆದರೆ 1974ಕ್ಕೆ ಮೊದಲು ಗೋಲ್ ಕಂಬಗಳು ಗೋಲ್ ಗೆರೆಯ ಮೇಲೇ ಇದ್ದವು. ಆಮೇಲೆ 10 ಗಜ ಹಿಂದಕ್ಕೆ ಸರಿಸಿದರು. ಕಂಬ ಹತ್ತಿರ ಇದ್ದ ಕಾಲದಲ್ಲಿ ತಂಡಗಳು ಮೈದಾನದ ಮಧ್ಯದಿಂದಲೂ ಧೈರ್ಯವಾಗಿ ಒದೆಸುತ್ತಿದ್ದವು. ಅವರನ್ನು ಅವರ ಕಾಲದವರ ಪಕ್ಕದಲ್ಲಿಟ್ಟೇ ಅಳೆಯಬೇಕು.

1991ರಲ್ಲಿ ಆಟದ ಮಹಾನ್ ಸಾಧಕರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು. ಅದಕ್ಕೂ ಮೊದಲು ಲೂ ಗ್ರೋಝಾ, ಜಾರ್ಜ್ ಬ್ಲಾಂಡಾ ಅಲ್ಲಿದ್ದರು. ಆದರೆ ಅವರು ಬೇರೆ ಸ್ಥಾನದಲ್ಲೂ ಆಡಿದವರು. ಬರೀ ಫೀಲ್ಡ್ ಗೋಲ್ ಒದೆಯುವ ಕೆಲಸಕ್ಕಾಗಿ ಒಳಗೆ ಹೋದ ಮೊದಲಿಗರು ಸ್ಟೆನೆರುಡ್. ಎರಡನೆಯವರು ಬರಲು 2017 ಆಯಿತು. ಅವರು ಮಾರ್ಟನ್ ಆಂಡರ್ಸನ್, ಡೆನ್ಮಾರ್ಕ್‌ನವರು.