ಚೀಲದಲ್ಲಿ ಎರಡು ಸ್ಟ್ರಿಪ್, ಒಳಗಿನ ಮದ್ದು ಒಂದೇ

ರುಮಟಾಲಜಿ (ಕೀಲುವಾತದ ಕಾಯಿಲೆಗಳ) ಹೊರರೋಗಿ ವಿಭಾಗದಲ್ಲಿ ಫಿಜಿಷಿಯನ್ ಅಸಿಸ್ಟೆಂಟ್ ಬರೆದಿಟ್ಟ ಔಷಧಪಟ್ಟಿಯನ್ನು ನಂಬಿಯೇ ಮುಂದಿನ ಚೀಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ‘ನೋವಿನ ಮಾತ್ರೆ, ಬೇಕಾದಾಗ’ ಎಂದಷ್ಟೇ ಇದ್ದರೆ ಏನೂ ಬರೆಯದಿದ್ದಷ್ಟೇ ಪ್ರಯೋಜನ. ಯಾವ ಮಾತ್ರೆ? ಎಷ್ಟು ಮಿಲಿಗ್ರಾಂ? ಹೋದ ವಾರ ಎಷ್ಟು ನುಂಗಿದರು? ಎಷ್ಟು ಸಲ ಹೇಳಿದರೂ ಇದೇ ಸಾಲು ಮತ್ತೆ ಮತ್ತೆ ಬರುತ್ತಿದೆ, ಅದಕ್ಕೇ ಈ ಅಂಕಣ.

ಅಜ್ಜಿಯ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡಿ. ಒಂದು ಸ್ಟ್ರಿಪ್ಪಿನಲ್ಲಿ ಅಸೆಕ್ಲೋಫೆನಾಕ್ 100, ಪ್ಯಾರಸಿಟಮಾಲ್ 325. ಇನ್ನೊಂದು ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದದ್ದು, ಡೈಕ್ಲೋಫೆನಾಕ್ 50. “ಇದು ಡಾಕ್ಟ್ರು ಕೊಟ್ಟಿದ್ದಮ್ಮ, ಕೈಬೆರಳಿಗೆ. ಅದು ಮಂಡಿಗೆ.” ಅವರ ಪ್ರಕಾರ ಎರಡು ನೋವಿಗೆ ಎರಡು ಮದ್ದು. ನಿಜದಲ್ಲಿ ಎರಡೂ ಒಂದೇ ಗುಂಪಿನವು; ಅಸೆಕ್ಲೋಫೆನಾಕ್‌ನ ಒಂದು ಪಾಲು ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಈ ಗುಂಪಿನ ಮದ್ದಿನಿಂದ ನೋವು ಒಂದು ಮಟ್ಟದವರೆಗೆ ಇಳಿಯುತ್ತದೆ, ಆಮೇಲೆ ಎಷ್ಟು ಸೇರಿಸಿದರೂ ಹೆಚ್ಚೇನೂ ಇಳಿಯುವುದಿಲ್ಲ. ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ, ಬಿಪಿ ಏರಿಕೆಯ ಅಪಾಯ ಮಾತ್ರ ಡೋಸಿನ ಜೊತೆಗೇ ಏರುತ್ತದೆ.

ಸ್ಟ್ರಿಪ್ಪಿನ ಮೇಲಿನ ದೊಡ್ಡ ಅಕ್ಷರ ಕಂಪನಿ ಇಟ್ಟ ಹೆಸರು. ನೀವು ಬರೆದುಕೊಳ್ಳಬೇಕಾದದ್ದು ಬೇರೆ ಕಡೆ ಸಣ್ಣ ಅಕ್ಷರದಲ್ಲಿರುವ ಸಾಲ್ಟ್ ಹೆಸರು, ಅಂದರೆ ಒಳಗಿನ ಮದ್ದಿನ ಹೆಸರು. ಹೆಸರಿನ ಕೊನೆಯ ‘ಪಿ’, ‘ಎಸ್‌ಪಿ’, ‘ಎಂಆರ್’ ನೋಡಿ ಊಹಿಸಬೇಡಿ. ಒಂದು ಬ್ರ್ಯಾಂಡಿನ ಅಕ್ಷರ ಇನ್ನೊಂದರಲ್ಲಿ ಅದೇ ಅರ್ಥ ಕೊಡುತ್ತದೆಂಬ ಖಾತ್ರಿ ಇಲ್ಲ. ಅರ್ಧ ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ಸಾಲ್ಟ್ ಹೆಸರೇ ಹೋಗಿದ್ದರೆ ‘ಗೊತ್ತಾಗಿಲ್ಲ’ ಎಂದು ಬರೆಯಿರಿ. ತಪ್ಪು ಹೆಸರಿಗಿಂತ ಅದು ಎಷ್ಟೋ ಮೇಲು. ಊರಿನ ಕ್ಲಿನಿಕ್ಕಿನಲ್ಲಿ ಹಾಕಿಸಿಕೊಂಡ ಇಂಜೆಕ್ಷನ್ನನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು. ಅದು ಡೈಕ್ಲೋಫೆನಾಕ್ ಆಗಿದ್ದರೆ ಒಂದೇ ಚುಚ್ಚಿಗೆ 75 ಮಿಲಿಗ್ರಾಂ, ದಿನದ ಮಿತಿಯಾದ 150ರ ಅರ್ಧ. ಕಾಗದದ ಪೊಟ್ಟಣದಲ್ಲಿ ಬರುವ ಹೆಸರಿಲ್ಲದ ಮಾತ್ರೆಯಲ್ಲಿ ಸ್ಟಿರಾಯ್ಡ್ ಇರಬಹುದೆಂದೇ ಎಣಿಸಿ. ಜೊತೆಗೆ ನೋವಿನ ಮಾತ್ರೆಯೂ ಇದ್ದರೆ ಹುಣ್ಣಿನ ಅಪಾಯ ಇನ್ನೂ ಹೆಚ್ಚು. ಹಾಗಂತ ತಿಂಗಳುಗಟ್ಟಲೆ ನುಂಗಿದವರಿಗೆ ‘ಇವತ್ತೇ ಬಿಡಿ’ ಎನ್ನಬೇಡಿ, ವೈದ್ಯರಿಗೆ ತಿಳಿಸಿ.

ಸಂಶೋಧನೆಯ ಮಾತಿಗೂ ಈ ಚೀಲಕ್ಕೂ ಸಂಬಂಧವಿದೆ. ಸೆಲೆಕಾಕ್ಸಿಬ್ ಕೂಡ ಇದೇ ಗುಂಪಿನ ನೋವಿನ ಮಾತ್ರೆ; 2016ರ ಪ್ರಿಸಿಷನ್ ಅಧ್ಯಯನವನ್ನು ಹಿಡಿದು ‘ಸೆಲೆಕಾಕ್ಸಿಬ್ ಹೃದಯಕ್ಕೆ ಸೇಫ್’ ಎನ್ನುವವರು ಬಹಳ. ಅದರಲ್ಲಿದ್ದವರು 24 ಸಾವಿರಕ್ಕೂ ಹೆಚ್ಚು ಮಂದಿ. ಸೆಲೆಕಾಕ್ಸಿಬ್, ನೆಪ್ರೋಕ್ಸೆನ್, ಐಬುಪ್ರೊಫೆನ್ ಪೈಕಿ ಒಬ್ಬರಿಗೆ ಒಂದೇ ಮಾತ್ರೆ, ಜಠರ ಕಾಯಲು ಎಸೊಮೆಪ್ರಜೋಲ್. ಸೆಲೆಕಾಕ್ಸಿಬ್‌ನ ಸರಾಸರಿ ಡೋಸು ದಿನಕ್ಕೆ ಸುಮಾರು 209 ಮಿಲಿಗ್ರಾಂ. ಮೂವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ನಡುವೆ ಮಾತ್ರೆ ನಿಲ್ಲಿಸಿದ್ದರು. ಉಳಿದೆರಡಕ್ಕಿಂತ ಸೆಲೆಕಾಕ್ಸಿಬ್ ಕೆಟ್ಟದ್ದಲ್ಲ ಎಂಬ ಫಲಿತಾಂಶ ಆ ಡೋಸಿಗೆ, ಆ ಏರ್ಪಾಡಿಗೆ ಸೇರಿದ್ದು. ಸೆಲೆಕಾಕ್ಸಿಬ್ 400 ಮಿಲಿಗ್ರಾಂ ಜೊತೆಗೆ ಗುಟ್ಟಾಗಿ ಡೈಕ್ಲೋಫೆನಾಕ್ ನುಂಗುವ ಅಜ್ಜಿಗೆ ಅದರಿಂದ ಯಾವ ಭರವಸೆಯೂ ಸಿಗುವುದಿಲ್ಲ.

ನೋವಿನ ಮಾತ್ರೆಯ ಪಕ್ಕದಲ್ಲೇ ಬಿಪಿ ಮಾತ್ರೆಯನ್ನೂ ಇಟ್ಟು ಓದಿ. ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್ ಎಷ್ಟೋ ಸಲ ಒಂದೇ ಮಾತ್ರೆಯಲ್ಲಿರುತ್ತವೆ. ಅದಕ್ಕೆ ನೋವಿನ ಮಾತ್ರೆ ಸೇರಿದರೆ ಮೂತ್ರಪಿಂಡದ ಸೋಸುವ ಒತ್ತಡ ಮೂರು ಕಡೆಯಿಂದ ಕುಸಿಯುತ್ತದೆ. ಬ್ರಿಟನ್ನಿನ ದಾಖಲೆಗಳನ್ನು ಆಧರಿಸಿದ 2013ರ ಒಂದು ದೊಡ್ಡ ಅಧ್ಯಯನದಲ್ಲಿ, ಇಂಥ ಮೂರೂ ಬಗೆಯ ಮದ್ದು ಒಟ್ಟಿಗೆ ಇದ್ದವರಲ್ಲಿ, ಬಿಪಿ ಮದ್ದುಗಳಷ್ಟೇ ಇದ್ದವರಿಗಿಂತ, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು ಬೀಳುವ ಪ್ರಮಾಣ ಶೇ. 31ರಷ್ಟು, ಮೊದಲ 30 ದಿನಗಳಲ್ಲಿ ಶೇ. 82ರಷ್ಟು ಹೆಚ್ಚಿತ್ತು. ಹಾಗಾಗಿ ಇಂಥವರಿಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ) ಶುರುವಿಗೊಮ್ಮೆ, ಒಂದೆರಡು ವಾರಕ್ಕೆ ಇನ್ನೊಮ್ಮೆ ಬೇಕು. ಮೂರು ತಿಂಗಳು ಕಾಯುವಂತಿಲ್ಲ. ವಾಂತಿ‑ಭೇದಿ ಆದ ದಿನ ನೋವಿನ ಮಾತ್ರೆ ಮುಟ್ಟಬೇಡಿ, ಕೂಡಲೇ ಫೋನ್ ಮಾಡಿ ಎಂದು ಚೀಟಿಯ ಮೇಲೆ ಕನ್ನಡದಲ್ಲೇ ಬರೆದುಕೊಡಿ. ಕೀಲುವಾತವನ್ನು ಹತೋಟಿಗೆ ತರುವ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಇದ್ದವರಿಗಂತೂ ಇದು ಕಡ್ಡಾಯ: ಮೂತ್ರಪಿಂಡ ಸೋತರೆ ಆ ಮದ್ದು ದೇಹದಲ್ಲೇ ಉಳಿದು ರಕ್ತಕಣಗಳನ್ನು ತಗ್ಗಿಸುತ್ತದೆ.

ಹೃದಯಕ್ಕೆಂದು ಆಸ್ಪಿರಿನ್ ನುಂಗುವವರಿಗೆ ಐಬುಪ್ರೊಫೆನ್ 400 ಕೊಡಲೇಬೇಕಾಗಿ ಬಂದರೆ, ಸಾದಾ ಆಸ್ಪಿರಿನ್ ಆದ ಕನಿಷ್ಠ 30 ನಿಮಿಷದ ಮೇಲೆ ಇಲ್ಲವೇ 8 ಗಂಟೆ ಮೊದಲೇ ಕೊಡಬೇಕು. ಇಲ್ಲದಿದ್ದರೆ ಆಸ್ಪಿರಿನ್ ಕೂರಬೇಕಾದ ಜಾಗವನ್ನು ಐಬುಪ್ರೊಫೆನ್ ಹಿಡಿದುಕೊಳ್ಳುತ್ತದೆ.

‘ಗ್ಯಾಸಿನ ಮಾತ್ರೆ ಕೊಟ್ಟಿದ್ದೀವಲ್ಲ’ ಎಂಬ ಧೈರ್ಯವೂ ಸಾಲದು. ಪ್ಯಾಂಟೊಪ್ರಜೋಲ್ ಜಠರವನ್ನು ಕಾಯುತ್ತದೆ. ಮೂತ್ರಪಿಂಡಕ್ಕಾಗಲೀ ಸಣ್ಣಕರುಳಿಗಾಗಲೀ ಅದು ಕಾವಲಲ್ಲ.

ಎರಡನೇ ಸ್ಟ್ರಿಪ್ ಸಿಕ್ಕಿತೆಂದು ದಯವಿಟ್ಟು ಗದರಬೇಡಿ. ಗದರಿದರೆ ಮುಂದಿನ ಸಲ ಆ ಸ್ಟ್ರಿಪ್ ಮನೆಯಲ್ಲೇ ಉಳಿಯುತ್ತದೆ. ನೋವು ತಡೆಯಲಾಗದೆ ತಂದದ್ದು ಅದು. “ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲ ಆಗೋಕೆ ಎಷ್ಟೊತ್ತು ಬೇಕು ಅಜ್ಜಿ?” ಎಂದು ಕೇಳಿ. ‘ಒಂದು ಗಂಟೆ’ ಎಂದರೆ ಕಾಯಿಲೆ ಇನ್ನೂ ಹತೋಟಿಗೆ ಬಂದಿಲ್ಲವೆಂಬ ಸಂಶಯ ಬಲವಾಗುತ್ತದೆ. ಆಗ ಬದಲಿಸಬೇಕಾದದ್ದು ಮೆಥೊಟ್ರೆಕ್ಸೇಟಿನಂಥ ಮೂಲ ಔಷಧವಿರಬಹುದು. ಅದು ಪೂರ್ತಿ ಕೆಲಸ ಮಾಡಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಯಾವ ಒಂದು ನೋವಿನ ಮಾತ್ರೆ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಬೇಡವಾದ ಸ್ಟ್ರಿಪ್ಪಿಗೆ ಅಜ್ಜಿಯ ಎದುರೇ ರಬ್ಬರ್ ಬ್ಯಾಂಡ್ ಹಾಕಿ, ಜೊತೆಗೆ ಬಂದ ಮಗಳ ಕೈಗೆ ಕೊಡಿ. ಪಟ್ಟಿಯಲ್ಲಿ ಅದರ ಸಾಲ್ಟ್ ಹೆಸರಿನ ಮುಂದೆ ನಿಲ್ಲಿಸಿದ ತಾರೀಖು ಬರೆಯಿರಿ.