ಸಿನೊನಿಮ್: ರೊಬಸ್ಟಾ ಗಿಡಕ್ಕೆ ಪುಸ್ತಕದಲ್ಲಿ ಬೇರೆ ಹೆಸರು

ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ ಕಡೆ ಯಾರನ್ನೇ ಕೇಳಿ, ಕಾಫಿ ತೋಟದಲ್ಲಿರುವುದು ರೊಬಸ್ಟಾ ಅನ್ನುತ್ತಾರೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಅದೇ ಗಿಡ ಕಾಫಿಯಾ ಕ್ಯಾನೆಫೊರಾ. ಕಾಫಿಯಾ ರೊಬಸ್ಟಾ ಎಂಬ ಹೆಸರನ್ನು ಅದರ ಕೆಳಗೆ 'ಸಿನೊನಿಮ್' ಎಂದು ಹಾಕಿರುತ್ತಾರೆ.

ಒಂದೇ ಜಾತಿಯ ಗಿಡಕ್ಕೆ ಬೇರೆ ಬೇರೆಯವರು ವೈಜ್ಞಾನಿಕ ಹೆಸರು ಇಟ್ಟಿರುತ್ತಾರೆ. ಅದರಲ್ಲಿ ಚಾಲ್ತಿಗೆ ಒಪ್ಪುವುದು ಒಂದನ್ನು ಮಾತ್ರ. ಉಳಿದವೆಲ್ಲ ಸಿನೊನಿಮ್. ಸಾಮಾನ್ಯವಾಗಿ, ಸಸ್ಯಗಳಿಗೆ ಹೆಸರಿಡುವ ನಿಯಮದ ಪ್ರಕಾರ ಮೊದಲು ಅಚ್ಚಾದ ಹೆಸರೇ ಗೆಲ್ಲುತ್ತದೆ.

ಕ್ಯಾನೆಫೊರಾ ಗೆದ್ದದ್ದು ಹಾಗೆಯೇ. ಆ ಹೆಸರನ್ನು ಯೋಚಿಸಿದವರು ಫ್ರಾನ್ಸಿನ ಪಿಯರ್. ವಿವರಣೆ ಸಮೇತ ಅಚ್ಚು ಮಾಡಿದವರು ಜರ್ಮನಿಯ ಫ್ರೋನರ್, 1897ರಲ್ಲಿ. ಅದಕ್ಕೇ ಹೆಸರಿನ ಕೊನೆಗೆ 'ಪಿಯರ್ ಎಕ್ಸ್ ಫ್ರೋನರ್' ಅಂತ ಬರೆಯುತ್ತಾರೆ. ಈ 'ಎಕ್ಸ್' ನೋಡಿ ತಳಿ ಮಿಶ್ರಣ ಅಂದುಕೊಳ್ಳಬಾರದು. ಒಬ್ಬರು ಸೂಚಿಸಿದ್ದನ್ನು ಇನ್ನೊಬ್ಬರು ಪ್ರಕಟಿಸಿದರು ಅಂತ ಅಷ್ಟೇ. 1900ರಲ್ಲಿ ಬೆಲ್ಜಿಯಂನ ಲಿಂಡನ್ ಅವರ ನರ್ಸರಿ ಕಾಂಗೋ ಮೂಲದ ಗಿಡಗಳನ್ನು ಕಾಫಿಯಾ ರೊಬಸ್ಟಾ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಜಾವಾದಲ್ಲಿ ಆಗ ಎಲೆ ತುಕ್ಕು ರೋಗಕ್ಕೆ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ಸೋತಿತ್ತು. ಈ ಗಟ್ಟಿ ಗಿಡ ಅಲ್ಲಿ ಬೇಗ ಹಬ್ಬಿತು, ಜೊತೆಗೆ ಹೆಸರೂ ಹಬ್ಬಿತು. ಕ್ಯಾನೆಫೊರಾ, ರೊಬಸ್ಟಾ ಎರಡೂ ಒಂದೇ ಜಾತಿ ಎಂದು ಆಮೇಲೆ ತೀರ್ಮಾನವಾಯಿತು. ಆದರೆ ವ್ಯಾಪಾರದಲ್ಲಿ ರೊಬಸ್ಟಾವೇ ಉಳಿಯಿತು. ಹಾಗಾಗಿ ನಮ್ಮವರು ರೊಬಸ್ಟಾ ಅನ್ನುವುದು ತಪ್ಪೇನಲ್ಲ.

ಹೆಸರಿನ ಅರ್ಥ ಸರಿಯಿದೆಯೇ ಎಂದು ನಿಯಮ ನೋಡುವುದಿಲ್ಲ. ಅರೇಬಿಕಾದ ಮೂಲ ಇಥಿಯೋಪಿಯಾ ಕಡೆ, ಅರೇಬಿಯಾ ಅಲ್ಲ. ಆದರೂ 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಹಾಗೇ ಇದೆ.

ನನಗೆ ಮುಖ್ಯ ಅನಿಸುವುದು ಇನ್ನೊಂದು ಗೊಂದಲ. ತಳಿಯ ಹೆಸರನ್ನೂ ಸಿನೊನಿಮ್ ಅನ್ನೂ ಒಂದೇ ಅಂದುಕೊಳ್ಳುವುದು. ಹಳೆ ಪೆರಿಡೇನಿಯಾ, ಎಸ್.274 ಇವು ಸಿನೊನಿಮ್ ಅಲ್ಲ, ಒಂದೇ ಜಾತಿಯೊಳಗಿನ ಬೇರೆ ಬೇರೆ ತಳಿಗಳು. ಅವುಗಳ ಗಿಡ, ಬೀಜದಲ್ಲಿ ವ್ಯತ್ಯಾಸ ಇರುತ್ತದೆ. ಸಿನೊನಿಮ್‌ನಲ್ಲಿ ಬದಲಾಗುವುದು ಹೆಸರು ಮಾತ್ರ. ಹಾಗಾಗಿ ಕಾಫಿಯಾ ರೊಬಸ್ಟಾ ಬಗ್ಗೆ ಬರೆದ ಹಳೆಯ ಲೇಖನ ಸಿಕ್ಕರೆ ಬೇರೆ ಗಿಡದ್ದು ಅಂತ ಪಕ್ಕಕ್ಕಿಡಬೇಡಿ. ಕಾಫಿಯಾ ಲಾರೆಂಟಿ ಅಂತ ಇದ್ದರೂ ಅಷ್ಟೇ, ಅದೂ ಕ್ಯಾನೆಫೊರಾದ ಸಿನೊನಿಮ್.

ಇನ್ನು ಕೊಡಗಿನ ತೋಟಗಳಲ್ಲಿ ಜಾಸ್ತಿ ಕೇಳುವ ತಳಿ ಸಿಎಕ್ಸ್‌ಆರ್. ಇಲ್ಲಿನ ಎಕ್ಸ್ ನಿಜಕ್ಕೂ ಮಿಶ್ರಣದ ಗುರುತು. ಸಿ ಅಂದರೆ ಕಾಫಿಯಾ ಕಂಜೆನ್ಸಿಸ್, ಅದು ಬೇರೆಯೇ ಜಾತಿ. ಆರ್ ಅಂದರೆ ನಮ್ಮ ರೊಬಸ್ಟಾ.